ನೂಲಿಗೆ ತಂಪು, ನೂಲುವವನಿಗೆ ಬೆವರು

"ಬಿಸಿಲು ದೇವರು ಕೊಟ್ಟದ್ದು, ಅದಕ್ಕೆ ಮಾಲೀಕರು ಏನು ಮಾಡಿಯಾರು?" ಬೇಸಗೆ ಬಂತೆಂದರೆ ಮಿಲ್ಲಿನ ಗೇಟಿನಲ್ಲಿ ಈ ಮಾತು ಕೇಳಿಬರುತ್ತದೆ. ಉಸಿರಾಡಲು ಗಾಳಿ ಬೇಕೆಂದ ಕಾರ್ಮಿಕನಿಗೆ ಹಿಂದಿನಿಂದಲೂ ಸಿಕ್ಕುತ್ತಿರುವ ಉತ್ತರ ಇದೊಂದೇ. ಅಂಗಡಿ ಬೀದಿಯಲ್ಲಿ ಉತ್ತರ ಸ್ವಲ್ಪ ನಯವಾಗಿರುತ್ತದೆ: "ತಂಪು ಬೇಕಾದರೆ ದುಡ್ಡು ಬಿಚ್ಚಬೇಕಾಗುತ್ತದೆ ಸ್ವಾಮಿ!" ಈ ಎರಡು ಉತ್ತರಗಳೂ ಸುಳ್ಳು. ಹೇಗೆಂದು ನೋಡೋಣ.

ಮೊದಲು ದೇವರ ಮಾತು. ಕಟ್ಟಡದೊಳಗಿನ ಗಾಳಿಯನ್ನು ಮನುಷ್ಯ ತನ್ನ ಹತೋಟಿಗೆ ತಂದುಕೊಂಡು ನೂರು ವರ್ಷ ದಾಟಿತು. 1902ರಲ್ಲಿ ಅಮೆರಿಕೆಯ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯಕ್ಕಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಗಾಳಿಯ ತೇವವನ್ನು ಹದದಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದ. ಅಚ್ಚಿನ ಕೆಲಸಗಾರರು ಬೆವರುತ್ತಿದ್ದಾರೆಂದು ಮರುಗಿ ಅವನಿಂದ ಯಾರೂ ಅದನ್ನು ಮಾಡಿಸಲಿಲ್ಲ. ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಕಾಗದ ಹಾಳಾಗಬಾರದೆಂದು ಮಾಡಿಸಿದರು. 'ಏರ್ ಕಂಡೀಷನಿಂಗ್' ಎಂಬ ಹೆಸರು ಹುಟ್ಟಿದ್ದಂತೂ ನೂಲಿನ ಮಿಲ್ಲುಗಳಲ್ಲೇ! 1906ರಲ್ಲಿ ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಮಿಲ್ಲುಗಳ ಇಂಜಿನಿಯರು ಆ ಮಾತನ್ನು ಬಳಕೆಗೆ ತಂದ. ಒಣಗಾಳಿಯಲ್ಲಿ ಎಳೆ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ, ಲಾಭ ಸೋರುತ್ತದೆ. ಆದುದರಿಂದ ನೂಲಿಗೆ ಬೇಕಾದಷ್ಟು ತೇವವನ್ನು ಗಾಳಿಗೆ ಕೂಡಿಸಿದರು.

ಆ ತೇವ ಮನುಷ್ಯನಿಗೆ ಏನು ಮಾಡುತ್ತದೆ? ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಬರಿದೆ ಸುರಿಯುತ್ತದೆ. ಮೇಲೆ ಕಾದ ತಗಡು, ಕೆಳಗೆ ಬಿಸಿಯುಗುಳುವ ಮೋಟಾರು, ನಡುವೆ ಒದ್ದೆ ಗಾಳಿ. ಅಲ್ಲಿ ಎಂಟು ಗಂಟೆಯ ಪಾಳಿ. ತಲೆ ಸುತ್ತು, ಸ್ನಾಯು ಹಿಡಿತ, ಮೂತ್ರಪಿಂಡದ ಬೇನೆ ಯಾಕೆ ಬರುತ್ತವೆಂದು ಹೇಳಲು ದೊಡ್ಡ ಡಾಕ್ಟರೇ ಆಗಬೇಕಿಲ್ಲ. ಎಳೆಗೆ ಎಷ್ಟು ತೇವ ಬೇಕೆಂದು ಪಾಳಿಪಾಳಿಗೂ ಅಳೆಯುವವರು, ಎಳೆ ಕಟ್ಟುವವನಿಗೆ ಎಷ್ಟು ಸೆಕೆ ತಡೆದೀತೆಂದು ಅಳೆದು ನೋಡಿದ್ದಾರೆಯೇ?

ಇನ್ನು ದುಡ್ಡಿನ ಮಾತು. ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇನ್ಫೋಸಿಸ್ ಕಂಪನಿಯ ದೊಡ್ಡ ತರಬೇತಿ ಕೇಂದ್ರವಿದೆ. 2009ರಲ್ಲಿ ಅದರ ಎರಡನೆಯ ಕೇಂದ್ರ ಉದ್ಘಾಟನೆಯಾಯಿತು. 2008ಕ್ಕೆ ಹೋಲಿಸಿದರೆ ತಲಾ ವಿದ್ಯುತ್ ಖರ್ಚನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದ್ದೇವೆಂದು ಆ ಕಂಪನಿಯೇ ಹೇಳಿಕೊಳ್ಳುತ್ತದೆ. ಇಂಥ ಇಳಿತಕ್ಕೆ ಮಂತ್ರವೇನೂ ಬೇಕಿಲ್ಲ. ದೊಡ್ಡ ಕಟ್ಟಡಗಳಲ್ಲಿ ಈಗ 'ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ' ಎಂಬ ಏರ್ಪಾಡು ಇರುತ್ತದೆ. ಕೋಣೆ ಕೋಣೆಯಲ್ಲೂ ಉಷ್ಣ, ತೇವ ಮತ್ತು ಹಳಸಿದ ಗಾಳಿಯನ್ನು ಅಳೆಯುವ ಪುಟ್ಟ ಮಾಪಕಗಳು. ಅವು ಕೊಟ್ಟ ಲೆಕ್ಕವನ್ನು ನೋಡಿ ಪಂಪು, ಫ್ಯಾನು, ಕವಾಟಗಳನ್ನು ನಡೆಸುವ ಒಂದು ಕಂಪ್ಯೂಟರು. ಜನರಿಲ್ಲದ ಕೋಣೆಗೆ ತಂಪು ಹೋಗದು. ಸಂಜೆ ಹೊರಗಡೆ ಗಾಳಿ ತಣ್ಣಗಾದರೆ ಯಂತ್ರವನ್ನು ತಗ್ಗಿಸಿ ಅದನ್ನೇ ಒಳಗೆ ಬಿಡುತ್ತದೆ. ದೊಡ್ಡ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ಎಳೆಯುವ ವಿದ್ಯುತ್ತು ಲೆಕ್ಕದ ಪ್ರಕಾರ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಳಿತಾಯದ ಗುಟ್ಟು ಇಂಥ ಲೆಕ್ಕಗಳಲ್ಲಿದೆ.

ಇದೇ ಕಂಪನಿ ಹೈದರಾಬಾದಿನಲ್ಲಿ 2011ರ ಸುಮಾರಿಗೆ ಒಂದು ಪರೀಕ್ಷೆ ಮಾಡಿತು. ಒಂದೇ ಕಟ್ಟಡ, ಎರಡು ಸಮ ಭಾಗ. ಒಂದು ಭಾಗಕ್ಕೆ ವಾಡಿಕೆಯಂತೆ ತಂಪುಗಾಳಿ ಊದಿದರು. ಇನ್ನೊಂದು ಭಾಗದ ಕಾಂಕ್ರೀಟಿನೊಳಗೆ ಕೊಳವೆ ಹಾಯಿಸಿ ತಣ್ಣೀರು ಹರಿಸಿದರು. ಒಂದು ಲೀಟರು ನೀರು ಹೊರುವಷ್ಟು ಶಾಖವನ್ನು ಹೊರಬೇಕಾದರೆ ಮೂರು ಸಾವಿರ ಲೀಟರಿಗೂ ಮಿಕ್ಕ ಗಾಳಿ ಬೇಕು; ಅಷ್ಟು ಗಾಳಿಯನ್ನು ನೂಕುವ ಖರ್ಚು ಉಳಿಯಿತು. ಎರಡು ವರ್ಷ ಅಳೆದು ನೋಡಿದಾಗ, ತಂಪಿಗೆ ತಗಲುವ ವಿದ್ಯುತ್ತು ನೀರಿನ ಭಾಗದಲ್ಲಿ ನೂರಕ್ಕೆ 34ರಷ್ಟು ಕಡಿಮೆ. ಕಟ್ಟುವ ಖರ್ಚೂ ಹೆಚ್ಚಾಗಲಿಲ್ಲ. ಈ ಕೆಲಸ ಮಾಡಿದ ಇಂಜಿನಿಯರುಗಳನ್ನು ನಾವು ಮೆಚ್ಚಬೇಕು. ನಮ್ಮ ಜಗಳ ಅವರ ವಿದ್ಯೆಯ ಮೇಲಲ್ಲ.

ನಮ್ಮ ಸಂಗಾತಿಗಳಲ್ಲೇ ಕೆಲವರು ಹೇಳುವುದುಂಟು: "ಎ.ಸಿ. ಎಂಬುದು ಶ್ರೀಮಂತರ ಶೋಕಿ, ನಮಗೇಕೆ ಅದರ ಗೊಡವೆ?" ಈ ಮಾತನ್ನು ಒಪ್ಪಲಾಗದು. ಹದಿನೆಂಟು ಡಿಗ್ರಿಯಲ್ಲಿ ಕೋಟು ತೊಟ್ಟು ಕೂರುವುದು ಶೋಕಿ ನಿಜ. ಉಷ್ಣವನ್ನು ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ನೂರಕ್ಕೆ 6ರಷ್ಟು ವಿದ್ಯುತ್ತು ಉಳಿಯುತ್ತದೆಂದು ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯೇ ಹೇಳಿದೆ. 2020ರಿಂದ ಕೋಣೆಯ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ನಿಯಮವನ್ನೂ ಮಾಡಿದೆ. ಆದರೆ ದುಡಿಯುವವನ ತಲೆಯ ಮೇಲಿನ ಕಾವು ಇಳಿಸುವುದು ಶೋಕಿಯಲ್ಲ. ವಿದ್ಯೆಯನ್ನು ಧಣಿಗೆ ಬಿಟ್ಟುಕೊಟ್ಟು ಬೆವರನ್ನು ಮಾತ್ರ ನಮ್ಮದೆಂದುಕೊಳ್ಳುವುದು ಯಾವ ಸಮಾಜವಾದ?

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯಿದೆಯ 13ನೆಯ ಸೆಕ್ಷನ್ನು ಬರೆದವರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಕೆಲಸದ ಕೋಣೆಯಲ್ಲಿ ಆರೋಗ್ಯಕ್ಕೆ ಕೇಡಾಗದಂಥ ಉಷ್ಣ ಇರಬೇಕು, ಗೋಡೆ ಮತ್ತು ಚಾವಣಿ ಅದಕ್ಕೆ ತಕ್ಕಂತಿರಬೇಕು ಎಂದು ಅವರು ಬರೆದರು. ಸೂರಿಗೆ ಸುಣ್ಣ ಬಳಿಯುವುದು, ನೀರು ಸಿಂಪಡಿಸುವುದು, ಸೂರನ್ನು ಎತ್ತರಿಸುವುದು, ಎರಡು ಪದರ ಮಾಡುವುದು ಎಂಬ ಉಪಾಯಗಳನ್ನೂ ಹೆಸರಿಸಿದರು. ಮುಂದಿನ ಸೆಕ್ಷನ್ನುಗಳಲ್ಲಿ ತೇವವನ್ನು ಅಳೆದು ದಾಖಲೆ ಇಡುವ ಮಾತೂ ಇತ್ತು. ಆ ಕಾಯಿದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಅದನ್ನು ಜಾರಿಗೊಳಿಸಿದರು. ಗಾಳಿ, ಉಷ್ಣ, ತೇವ ಎಂಬ ಮಾತುಗಳು ಅದರಲ್ಲೂ ಇವೆ. ಎಷ್ಟು, ಹೇಗೆ ಎಂಬುದನ್ನು ನಿಯಮಗಳಿಗೆ ಬಿಟ್ಟಿದ್ದಾರೆ. ಇತ್ತ 2007ರಲ್ಲಿ ಬಂದ ಇಂಧನ ಉಳಿತಾಯದ ಕಟ್ಟಡ ಸಂಹಿತೆಯ ಕಣ್ಣಿದ್ದದ್ದು ಕಚೇರಿ, ಹೋಟೆಲು, ಮಳಿಗೆಗಳಂಥ ದೊಡ್ಡ ವಾಣಿಜ್ಯ ಕಟ್ಟಡಗಳ ಮೇಲೆ. ಅದು ಎಣಿಸುವುದು ಯೂನಿಟ್ಟುಗಳನ್ನು. ಯೂನಿಟ್ಟಿಗೆ ಸಿಕ್ಕಿದ ಮರ್ಯಾದೆ ಮನುಷ್ಯನಿಗೆ ಸಿಕ್ಕಲಿಲ್ಲ!

ಈ ಅನ್ಯಾಯ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಪಕ್ಕದ ಮೈಸೂರಿಗೆ ದೀಪ ಬಂದದ್ದು 1908ರಲ್ಲಿ. ದೀಪದ ಕೆಳಗೆ ಕತ್ತಲೆ ಎಂದರೆ ಇದೇ.

ಸಣ್ಣ ವ್ಯಾಪಾರಿ ಬಂಧುಗಳು ಇದು ಮಿಲ್ಲಿನವರ ಮಾತೆಂದು ಪುಟ ತಿರುವಬಾರದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಂದಿನಿಂದ ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಎದ್ದು ಕೋರ್ಟಿನವರೆಗೂ ಹೋಯಿತು. ಪಾರಂಪರಿಕ ಕಟ್ಟಡವೆಂಬ ಅಭಿಮಾನದ ಜೊತೆಗೆ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ದಪ್ಪ ಗೋಡೆ, ಎತ್ತರದ ಸೂರು, ಗಾಳಿಯಾಡುವ ಸಾಲುಗಳು ಕರೆಂಟಿಲ್ಲದೆ ಕೊಡುವ ತಂಪನ್ನು ಗಾಜು ಹೊದಿಸಿ ಮುಚ್ಚಿದ ಪೆಟ್ಟಿಗೆ ಕೊಡಬಲ್ಲದೇ? ಗಾಜು ಹಾಕಿದರೆ ಎ.ಸಿ. ಬೇಕು, ಎ.ಸಿ. ಹಾಕಿದರೆ ಜನರೇಟರು ಬೇಕು, ಅದೆಲ್ಲದರ ಬಿಲ್ಲು ನಿರ್ವಹಣಾ ವೆಚ್ಚವೆಂಬ ಹೆಸರಿನಲ್ಲಿ ಅಂಗಡಿಯವನ ತಲೆಗೆ. ಹೂವು, ವೀಳ್ಯದೆಲೆ ಮಾರುವವನಿಗೆ ಬಾಡಿಗೆಗಿಂತ ಆ ಬಿಲ್ಲೇ ದೊಡ್ಡದಾದೀತು. ಮೂಗಿಗಿಂತ ಮೂಗುತಿ ಭಾರ!

ಹಾಗಾದರೆ ನಾವು ಕೇಳಬೇಕಾದದ್ದೇನು? ಒಂದು: ಮಿಲ್ಲಿನ ಪ್ರತಿ ಖಾತೆಯಲ್ಲೂ ಉಷ್ಣ ಮತ್ತು ತೇವದ ಮಾಪಕ ಇರಬೇಕು, ಪ್ರತಿ ಪಾಳಿಯ ಅಳತೆಯನ್ನು ಕಾರ್ಮಿಕರಿಗೆ ಕಾಣುವಂತೆ ಬೋರ್ಡಿನ ಮೇಲೆ ಬರೆಯಬೇಕು. ಲೆಕ್ಕ ಮಾಲೀಕನ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಅದು ಲೆಕ್ಕವಲ್ಲ, ಗುಟ್ಟು. ಎರಡು: ಮುಂದಿನ ಬೇಸಗೆಗೆ ಮೊದಲೇ ತಗಡಿನ ಸೂರಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಳಿತ, ಸೂರಿನ ತುದಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ. ನೆರೆಯ ತೆಲಂಗಾಣ 2023ರಲ್ಲೇ ತಂಪು ಚಾವಣಿಯ ನೀತಿಯನ್ನು ತಂದಿದೆ. ನಮ್ಮ ವಿಧಾನಸೌಧಕ್ಕೆ ಏನು ಅಡ್ಡಿ? ಮೂರು: ಅಳತೆ ಮಿತಿ ಮೀರಿದ ಪಾಳಿಯಲ್ಲಿ ಸಂಬಳ ಕಡಿಯದೆ ವಿರಾಮ, ಜೊತೆಗೆ ಕುಡಿಯುವ ನೀರು. ಆ ಮಿತಿಯನ್ನು ರಾಜ್ಯದ ನಿಯಮದಲ್ಲೇ ಅಂಕಿಯಾಗಿ ಬರೆಯಬೇಕು. ನಾಲ್ಕು: ಮಾರುಕಟ್ಟೆಯ ಯಾವ ನಕ್ಷೆಗೂ ಸಹಿ ಬೀಳುವ ಮೊದಲು, ಹತ್ತು ವರ್ಷದ ವಿದ್ಯುತ್ ಖರ್ಚಿನ ಅಂದಾಜನ್ನು ವ್ಯಾಪಾರಿಗಳ ಸಭೆಯ ಮುಂದಿಡಬೇಕು.

ಇವುಗಳಲ್ಲಿ ಯಾವುದಕ್ಕೂ ಕೋಟಿ ಬೇಕಿಲ್ಲ. ಗೋಡೆಗೆ ತೂಗುಹಾಕುವ ಮಾಪಕಕ್ಕೆ ಸಾಲ ಎತ್ತಬೇಕಾದ ಮಿಲ್ಲು ಈ ಭೂಮಿಯ ಮೇಲಿಲ್ಲ. ಖರ್ಚಿಗೆ ಹೆದರಿ ಅದನ್ನು ಹಾಕುತ್ತಿಲ್ಲವೆಂದು ಯಾರೂ ನಂಬಬೇಡಿ. ಅಂಕಿ ಬೋರ್ಡಿಗೆ ಬಂದರೆ ಅದರ ಹಿಂದೆ ಬೇಡಿಕೆ ಬರುತ್ತದೆ. ಅವರ ಹೆದರಿಕೆ ಆ ಬೇಡಿಕೆಗೆ.

ಗೇಟ್ ಸಭೆಗಳಲ್ಲಿ ಈ ನಾಲ್ಕು ಮಾತುಗಳನ್ನು ಎತ್ತಿ. ಸಂಘದ ಬೇಡಿಕೆ ಪಟ್ಟಿಯಲ್ಲಿ ತುಟ್ಟಿಭತ್ಯೆಯ ಪಕ್ಕದಲ್ಲೇ ಇವಕ್ಕೂ ಜಾಗ ಕೊಡಿ. ಮತ್ತೆ ಯಾರಾದರೂ ದೇವರ ಹೆಸರು ಹೇಳಿದರೆ ಹೀಗೆನ್ನಿ: ಬಿಸಿಲು ದೇವರದಿರಬಹುದು, ತಗಡಿನ ಸೂರು ಮಾಲೀಕನದು.