ಕಾರ್ಕ್ ಬಿಸಾಕಿ, ಮುಚ್ಚಳ ಮುಚ್ಚಿ

ಆಕ್ಟೋಪಸ್ ಬೇಯಿಸುವ ನೀರಿಗೆ ವೈನ್ ಬಾಟಲಿಯ ಕಾರ್ಕ್ ಹಾಕಿದರೆ ಮಾಂಸ ಮೆತ್ತಗಾಗುತ್ತಂತೆ. ಇಟಲಿಯ ಅಜ್ಜಿಯರ ಗುಟ್ಟಂತೆ. ಬೆಂಗಳೂರಿನ ಫ್ಲಾಟುಗಳಲ್ಲಿ ವೀಕೆಂಡ್ ಶೆಫ್ ಆಗಿರುವ ನನ್ನ ಗೆಳೆಯರು ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ, ಮಂತ್ರೋಪದೇಶ ಮಾಡುವವರ ಹಾಗೆ. ಹೊಸ ಕಾರಿನ ಚಕ್ರದಡಿ ಅಪ್ಪ ನಿಂಬೆಹಣ್ಣು ಇಟ್ಟರೆ ನಗುವ ಜನ ಇವರೇ. ನಿಂಬೆಹಣ್ಣು ಮೂಢನಂಬಿಕೆ, ಕಾರ್ಕ್ ಮಾತ್ರ ಟ್ರೆಡಿಷನ್!

ಕಾರ್ಕಿನಿಂದ ಏನೂ ಆಗಲ್ಲ. ಅಡುಗೆಯ ಹಿಂದಿನ ವಿಜ್ಞಾನದ ಬಗ್ಗೆ ಬರೆಯುವ ಹೆರಾಲ್ಡ್ ಮೆಗೀ 2008ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಕಾರ್ಕ್ ಕೈಬಿಡಿ ಅಂತ ಬರೆದಾಗಿದೆ. ಬೀದಿಯಲ್ಲಿ ಬೇಯಿಸಿ ಮಾರುವವರು ಹಂಡೆಯಿಂದ ಎತ್ತಲು ಸುಲಭವಾಗಲಿ ಅಂತ ಆಕ್ಟೋಪಸ್‌ಗೆ ದಾರ ಕಟ್ಟಿ, ದಾರದ ತುದಿಗೆ ಕಾರ್ಕ್ ಕಟ್ಟಿ ತೇಲಿಬಿಡುತ್ತಿದ್ದರು, ನಂಬಿಕೆ ಅಲ್ಲಿಂದ ಹುಟ್ಟಿತು ಅನ್ನೋದು ಒಂದು ಊಹೆ. ಅದು ನಿಜವಾದರೆ, ಹಗ್ಗದ ತುದಿಯನ್ನು ನಾವು ಮಸಾಲೆ ಅಂದುಕೊಂಡಿದ್ದೀವಿ. ನಮ್ಮ ಕೋಡ್‌ನಲ್ಲೂ ಇಂಥ ಸಾಲುಗಳಿರುತ್ತವಲ್ಲ. ಬರೆದವನು ಕಂಪನಿ ಬಿಟ್ಟು ಯಾವ ಕಾಲವಾಯಿತೋ, ಮೇಲೊಂದು ಕಾಮೆಂಟು ಮಾತ್ರ ಉಳಿದಿರುತ್ತೆ: ಯಾಕೆ ಬೇಕೋ ಗೊತ್ತಿಲ್ಲ, ತೆಗೀಬೇಡಿ.

ಹಾಗಂತ ಹಳೆಯದನ್ನೆಲ್ಲ ಗುಡಿಸಿ ಹಾಕಿ ಅಂತಿಲ್ಲ. ದಕ್ಷಿಣ ಇಟಲಿಯ ಬಾರಿ ಬಂದರಿನಲ್ಲಿ ಮೀನುಗಾರರು ಆಕ್ಟೋಪಸನ್ನು ಕಲ್ಲಿಗೆ ಬಡಿಯುತ್ತಾರೆ. ಆಮೇಲೆ ಕಾಲುಗಳು ಸುರುಳಿ ಸುತ್ತಿಕೊಳ್ಳುವ ತನಕ ಕುಲುಕುತ್ತಾರೆ. ಯಾಕೆಂದರೆ ಅವರು ಅದನ್ನು ಹಸಿಯಾಗಿಯೇ ತಿನ್ನುವವರು. ಬೆಂಕಿ ಮಾಡಬೇಕಾದ ಕೆಲಸವನ್ನು ಅಲ್ಲಿ ಕಲ್ಲು ಮಾಡುತ್ತೆ. ನಮ್ಮ ಕೈಗೆ ಸಿಗೋದು ಫ್ರೀಜ್ ಆದದ್ದು. ಒಳಗಿನ ನೀರು ಹೆಪ್ಪುಗಟ್ಟಿದಾಗಲೇ ಹರಳುಗಳು ನಾರನ್ನು ಹರಿದಿರುತ್ತವೆ. ಅದನ್ನು ಮತ್ತೆ ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ಬಡಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರ್ತಾರೆ, ಅಷ್ಟೆ. ಕುದಿಯುವ ನೀರಿನಲ್ಲಿ ಮೂರು ಸಲ ಅದ್ದಿ ತೆಗೆಯೋದೂ ಕಾಲುಗಳು ಚೆಂದವಾಗಿ ಸುರುಳಿಯಾಗಲಿ ಅಂತ. ಮೆದುವಾಗೋದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೆದುವಾಗೋದು ಹೇಗೆ ಅಂತ ಮೇಕೆ ಕಾಲಿನ ಸೂಪು ಮಾಡುವ ನಮ್ಮೂರಿನ ಯಾರನ್ನು ಬೇಕಾದರೂ ಕೇಳಿ. ಕೊಲಾಜೆನ್ ಅನ್ನೋ ಹೆಸರು ಅವರಿಗೆ ಗೊತ್ತಿರಲಿಕ್ಕಿಲ್ಲ, ಅದರ ಸ್ವಭಾವ ಚೆನ್ನಾಗಿ ಗೊತ್ತು. ಸಣ್ಣ ಉರಿಯಲ್ಲಿ ಹೊತ್ತು ಕೊಟ್ಟು ಬೇಯಿಸಬೇಕು, ರಸ ಬೆರಳಿಗೆ ಅಂಟಬೇಕು. ಆಕ್ಟೋಪಸ್‌ಗೆ ಮೂಳೆಯೇ ಇಲ್ಲ, ಅದರ ಗಟ್ಟಿತನವೆಲ್ಲ ಸ್ನಾಯು ಮತ್ತು ಈ ಕೊಲಾಜೆನ್. ಬಿಸಿ ತಾಗಿದ ಕೂಡಲೇ ಅದು ಮುದುಡಿ ರಬ್ಬರಾಗುತ್ತೆ. ಇನ್ನೂ ಹೊತ್ತು ಬಿಟ್ಟರೆ ಕರಗಿ ಜೆಲಟಿನ್ ಆಗುತ್ತೆ. ಎರಡರ ನಡುವೆ ಇರೋದು ಮುಕ್ಕಾಲು ಗಂಟೆ, ಒಂದು ಗಂಟೆ. ಆ ಒಂದು ಗಂಟೆ ಕಾಯಲಾರದವರಿಗೆ ಕಾರ್ಕ್ ಬೇಕು.

ನೇಪಲ್ಸಿನ ಸಾಂತಾ ಲೂಚಿಯಾ ಹಿಂದೆ ಮೀನುಗಾರರ ಕೇರಿಯಾಗಿತ್ತು. ‘ಪೋಲ್ಪೊ ಅಲ್ಲಾ ಲುಚಾನಾ’ ಅನ್ನೋ ಅಡುಗೆಗೆ ಹೆಸರು ಬಂದಿದ್ದು ಅಲ್ಲಿಂದ. ಆಕ್ಟೋಪಸ್ ತನ್ನ ನೀರಲ್ಲೇ ಬೇಯುತ್ತೆ ಅಂತ ಆ ಊರಲ್ಲಿ ಒಂದು ಗಾದೆಯಿದೆ. ಹಟ ಹಿಡಿದವರ ಬಗ್ಗೆಯೂ ಇದನ್ನು ಹೇಳ್ತಾರೆ, ಬಿಟ್ಟುಬಿಡು, ತಾನಾಗೇ ದಾರಿಗೆ ಬರ್ತಾನೆ ಅನ್ನೋ ಅರ್ಥದಲ್ಲಿ. ಇಡೀ ರೆಸಿಪಿ ಈ ಗಾದೆಯೊಳಗಿದೆ.

ಒಂದು ಕಿಲೋ ತೂಗುವ ಆಕ್ಟೋಪಸನ್ನು ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟು ಕರಗಿಸಿ. ಕಣ್ಣು, ಕೊಕ್ಕು, ತಲೆಯೊಳಗಿನದು ತೆಗೆದು ತೊಳೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಆಲಿವ್ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಅದರ ಮೇಲೆ ಆಕ್ಟೋಪಸ್, ಟೊಮೇಟೊ, ಕೇಪರ್ಸ್, ಕಪ್ಪು ಆಲಿವ್. ಉಪ್ಪು ಬೇಡ, ಸಮುದ್ರದ್ದು ಅದರೊಳಗೇ ಇದೆ, ಕೇಪರ್ಸ್‌ನಲ್ಲೂ ಇದೆ. ನೀರಂತೂ ಬೇಡವೇ ಬೇಡ. ಬಿಗಿಯಾದ ಮುಚ್ಚಳ ಹಾಕಿ ಅತಿ ಸಣ್ಣ ಉರಿ ಇಡಿ. ಹಿಂದೆ ಅವರು ಮಣ್ಣಿನ ಮಡಕೆಯ ಬಾಯಿಗೆ ಕಾಗದ ಮುಚ್ಚಿ ದಾರ ಬಿಗಿಯುತ್ತಿದ್ದರು, ಹಬೆ ಹೊರಗೆ ಹೋಗಬಾರದು ಅಂತ.

ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ, ತೊಟ್ಟು ನೀರು ಹಾಕದ ಪಾತ್ರೆಯಲ್ಲಿ ಕೆನ್ನೇರಳೆ ರಸ ತುಂಬಿರುತ್ತೆ. ಆಕ್ಟೋಪಸ್ ಮಾತ್ರ ಕುಗ್ಗಿ, ಚಪ್ಪಲಿ ಅಟ್ಟೆಯಷ್ಟು ಗಟ್ಟಿ. ಬೆಂದು ಹೆಚ್ಚಾಯಿತೇನೋ ಅಂತ ಗಾಬರಿಯಾಗಿ ಒಲೆ ಆರಿಸುವವರು ಆರಿಸೋದು ಇಲ್ಲೇ. ಆರಿಸಬೇಡಿ. ತಲೆ ಮತ್ತು ಕಾಲು ಸೇರುವ ದಪ್ಪ ಜಾಗದಲ್ಲಿ ಫೋರ್ಕ್ ಸಲೀಸಾಗಿ ಇಳಿಯುವ ತನಕ ಬಿಡಿ. ಆಮೇಲೂ ಅದೇ ರಸದಲ್ಲಿ ಅರ್ಧ ಗಂಟೆ ತಣಿಯಲಿ.

ಕುಕ್ಕರಿನಲ್ಲಿ ಎಷ್ಟು ವಿಶಲ್ ಅಂತ ಕೇಳುವವರು ಇದ್ದೇ ಇರ್ತೀರಿ. ಕುಕ್ಕರಿನಲ್ಲೂ ಬೇಯುತ್ತೆ, ಇಟಲಿಯಲ್ಲೂ ಬೇಯಿಸುವವರಿದ್ದಾರೆ, ಅದರಲ್ಲೇನೂ ಮೈಲಿಗೆಯಿಲ್ಲ. ಆದರೆ ಫೋರ್ಕ್ ಚುಚ್ಚಿ ನೋಡೋಕಾಗಲ್ಲ. ಐದು ನಿಮಿಷ ಹೆಚ್ಚಾದರೆ ಸಿಪ್ಪೆ ಕಳಚಿ ಮುದ್ದೆಯಾಗುತ್ತೆ.

ಒಂದು ಕಾರ್ಕಿಗೆ ಇಷ್ಟೊಂದು ಸಿಟ್ಟು ಯಾಕೆ ಅಂತೀರಾ? ಕಾರ್ಕ್ ಹಾಕಿ ಅರ್ಧ ಗಂಟೆ ಕುದಿಸಿ, ಆಗಿಲ್ಲ ಅಂತಾದಾಗ ಬೈಸಿಕೊಳ್ಳೋದು ಆಕ್ಟೋಪಸ್. ಅದು ರಬ್ಬರೇ ಕಣೋ ಅಂದು ಡಸ್ಟ್‌ಬಿನ್ನಿಗೆ ಸುರಿದು ಪಿಜ್ಜಾ ಆರ್ಡರ್ ಮಾಡ್ತಾರೆ. ಮುಚ್ಚಿದ ಬಾಟಲಿಯ ಬಿರಡೆಯನ್ನು ತಾನೇ ತಿರುಗಿಸಿ ತೆಗೆಯುವಷ್ಟು ಬುದ್ಧಿಯಿರುವ ಪ್ರಾಣಿ ಅದು. ತಿನ್ನಲೇಬಾರದು ಅನ್ನುವವರ ವಾದ ನನಗೆ ಅರ್ಥವಾಗುತ್ತೆ. ಕೊಂದು, ಕೆಡಿಸಿ, ಎಸೆಯುವವರ ಪರವಾಗಿ ಹೇಳೋಕೆ ಏನಿದೆ? ನಮ್ಮ ಮಲ್ಪೆ, ಮಂಗಳೂರಿನ ದೋಣಿಗಳಿಗೂ ಬೊಂಡಾಸಿನ ಜೊತೆ ಆಕ್ಟೋಪಸ್ ಸಿಗುತ್ತೆ, ಫ್ರೀಜ್ ಆಗಿ ಹೊರದೇಶಕ್ಕೆ ಹೋಗುತ್ತೆ. ಅಲ್ಲಿಂದ ನಾವು ತರಿಸಿಕೊಂಡಿದ್ದು ಕಾರ್ಕಿನ ಕತೆಯೊಂದನ್ನೇ.

ಅಂದಹಾಗೆ ಉಳಿದ ರಸವನ್ನು ಚೆಲ್ಲಬೇಡಿ. ಮಾರನೇ ದಿನಕ್ಕೆ ಅದು ಇನ್ನೂ ಗಟ್ಟಿಯಾಗಿ ರುಚಿ ಏರಿರುತ್ತೆ, ಬಿಸಿ ಮಾಡಿ ಸ್ಪೆಗೆಟಿಗೆ ಕಲಸಿ. ಮೇಲೆ ಚೀಸ್ ಮಾತ್ರ ತುರಿಯಬೇಡಿ.