ಆಟದ ಗಣಕಗಳಿಗೆ ಸ್ವತಂತ್ರ ಆಪರೇಟಿಂಗ್ ಸಿಸ್ಟಂ: ಬಂಡವಾಳ ಹೂಡುವ ಮುನ್ನ

ನಮ್ಮ ವರ್ತಕ ಹಾಗೂ ಕೈಗಾರಿಕಾ ಕುಟುಂಬಗಳ ಮುಂದಿನ ಪೀಳಿಗೆಯವರು ಇಂಜಿನಿಯರಿಂಗ್ ಪದವಿ ಪಡೆದು, ತಂತ್ರಾಂಶ ಉದ್ಯಮದ ಯೋಜನಾ ವರದಿಗಳನ್ನು ಹಿರಿಯರ ಮುಂದಿಡುತ್ತಿರುವುದು ಸಂತೋಷದ ಸಂಗತಿ. ಅಂಥ ಪ್ರಸ್ತಾವಗಳಲ್ಲಿ ಅತ್ಯಂತ ಮಹತ್ವಾಕಾಂಕ್ಷೆಯದೆಂದರೆ, ಗಣಕದ ಆಟಗಳಿಗಾಗಿಯೇ ಹೊಸದೊಂದು ಆಪರೇಟಿಂಗ್ ಸಿಸ್ಟಂ ಅನ್ನು ಬುಡದಿಂದ ಕಟ್ಟುವುದು. ವಿಂಡೋಸ್‌ಗಿಂತ ಹಗುರವಾದ, ವೇಗವಾದ, ಯಾರ ಹಂಗೂ ಇಲ್ಲದ ವ್ಯವಸ್ಥೆ ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಈ ಉದ್ಯಮದಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ವೇಗದಿಂದಲ್ಲ. ಈಗಾಗಲೇ ಇರುವ ಆಟಗಳು ಅದರಲ್ಲಿ ನಡೆಯುತ್ತವೆಯೇ ಎಂಬುದರಿಂದ. ಇದು ನನ್ನ ಖಚಿತ ಅಭಿಪ್ರಾಯ.

ಆಪರೇಟಿಂಗ್ ಸಿಸ್ಟಂ ಎಂಬುದು ಮಾರುಕಟ್ಟೆಯ ಪ್ರಾಂಗಣವಿದ್ದಂತೆ. ಪ್ರಾಂಗಣ ಎಷ್ಟೇ ವಿಶಾಲವಾಗಿರಲಿ, ಮಾಲು ತರುವವರಿಲ್ಲದಿದ್ದರೆ ಕೊಳ್ಳುವವರು ಬಾರರು. ಕೊಳ್ಳುವವರಿಲ್ಲದಿದ್ದರೆ ಮಾಲೂ ಬಾರದು. ಬಳಕೆದಾರರಿಲ್ಲದ ವ್ಯವಸ್ಥೆಗಾಗಿ ತನ್ನ ಆಟವನ್ನು ಮತ್ತೊಮ್ಮೆ ಬರೆಯುವ ವೆಚ್ಚವನ್ನು ಯಾವ ತಯಾರಕನೂ ಹೊರಲಾರ. ನಮ್ಮನ್ನೇ ಕೇಳಿಕೊಳ್ಳೋಣ: ಟ್ಯಾಲಿ ನಡೆಯದ ಗಣಕವನ್ನು, ಅದು ಎಷ್ಟೇ ವೇಗದ್ದಾಗಿರಲಿ, ನಮ್ಮಲ್ಲಿ ಎಷ್ಟು ಮಂದಿ ಅಂಗಡಿಯಲ್ಲಿ ಇಟ್ಟುಕೊಂಡೇವು?

ಇದಕ್ಕೆ ಎರಡು ಉದಾಹರಣೆಗಳು ಸಾಕು. ಆಪಲ್ ಸಂಸ್ಥೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಝಾನ್ ಲೂಯಿ ಗಾಸೆ 1990ರಲ್ಲಿ ಬಿ ಇನ್ಕಾರ್ಪೊರೇಟೆಡ್ ಎಂಬ ಕಂಪನಿಯನ್ನು ಆರಂಭಿಸಿದರು. ಅದರ ಬಿಓಎಸ್ ಅನ್ನು ಚಿತ್ರ ಮತ್ತು ಧ್ವನಿ ಸಂಸ್ಕರಣೆಗೆಂದು ಹೊಸದಾಗಿ ಬರೆಯಲಾಗಿತ್ತು. ತಾಂತ್ರಿಕವಾಗಿ ಅದಕ್ಕೆ ಬಹಳ ಪ್ರಶಂಸೆ ದೊರೆಯಿತು. ಆಪಲ್ ಅದನ್ನು ಕೊಳ್ಳುವ ಮಾತುಕತೆ ನಡೆಸಿ, ಕೊನೆಗೆ 1996ರಲ್ಲಿ ನೆಕ್ಸ್ಟ್ ಕಂಪನಿಯನ್ನು ಆರಿಸಿಕೊಂಡಿತು. ತಂತ್ರಾಂಶಗಳ ಕೊರತೆಯಿಂದ ಬಿಓಎಸ್ ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. 2001ರಲ್ಲಿ ಅದರ ತಾಂತ್ರಿಕ ಸ್ವತ್ತು ಪಾಮ್ ಕಂಪನಿಗೆ ಸುಮಾರು 1.1 ಕೋಟಿ ಡಾಲರಿಗೆ ಮಾರಾಟವಾಯಿತು. ಗಣಕ ತಯಾರಕರ ಬಾಗಿಲನ್ನು ತನಗೆ ಮುಚ್ಚಿಸಲಾಯಿತೆಂದು ಬಿ ಸಂಸ್ಥೆ ಮೈಕ್ರೋಸಾಫ್ಟ್ ಮೇಲೆ ಹೂಡಿದ ದಾವೆ 2003ರಲ್ಲಿ ರಾಜಿಯಾಯಿತು. ತಪ್ಪನ್ನು ಒಪ್ಪಿಕೊಳ್ಳದೆಯೇ ಮೈಕ್ರೋಸಾಫ್ಟ್ 2.3 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟಿತು. ಹತ್ತು ವರ್ಷಗಳ ಶ್ರಮಕ್ಕಿಂತ ಒಂದು ದಾವೆಯ ಮೌಲ್ಯ ಹೆಚ್ಚಾಯಿತೆಂಬುದು ಗಮನಿಸತಕ್ಕ ಸಂಗತಿ.

ಎರಡನೆಯದು ಅಮೆರಿಕದ ವಾಲ್ವ್ ಕಂಪನಿಯದು. ಅದರ ಸ್ಟೀಮ್ ಎಂಬ ಆಟಗಳ ಮಳಿಗೆ 2003ರಿಂದ ಅಂತರಜಾಲದಲ್ಲಿದೆ. ವ್ಯಾಪಾರ ಬಹುಪಾಲು ವಿಂಡೋಸ್ ಬಳಕೆದಾರರದೇ. 2012ರಲ್ಲಿ ವಿಂಡೋಸ್ 8ರೊಡನೆ ಮೈಕ್ರೋಸಾಫ್ಟ್ ತನ್ನದೇ ಮಳಿಗೆಯನ್ನು ತೆರೆಯಲು ಹೊರಟಾಗ ವಾಲ್ವ್‌ನ ಮುಖ್ಯಸ್ಥ ಗೇಬ್ ನೀವೆಲ್ ಬಹಿರಂಗವಾಗಿಯೇ ಆತಂಕ ವ್ಯಕ್ತಪಡಿಸಿದರು. ಕಟ್ಟಡದ ಮಾಲೀಕನೇ ಎದುರುಗಡೆ ಅಂಗಡಿ ತೆರೆದರೆ ಬಾಡಿಗೆದಾರನಿಗೆ ಏನಾಗುತ್ತದೆಂಬುದು ನಮಗೆ ತಿಳಿಯದ ವಿಷಯವಲ್ಲ. 2013ರಲ್ಲಿ ವಾಲ್ವ್, ಲಿನಕ್ಸ್ ಆಧಾರಿತ ಸ್ಟೀಮ್ ಓಎಸ್ ಅನ್ನು ಪ್ರಕಟಿಸಿತು. 2015ರ ನವೆಂಬರಿನಲ್ಲಿ ಬೇರೆ ಬೇರೆ ತಯಾರಕರ ಸ್ಟೀಮ್ ಮೆಷಿನ್‌ಗಳು ಮಾರಾಟಕ್ಕೆ ಬಂದವು. ಆದರೆ ಹೆಸರಾಂತ ಆಟಗಳಲ್ಲಿ ಹೆಚ್ಚಿನವು ಅವುಗಳಲ್ಲಿ ನಡೆಯುತ್ತಿರಲಿಲ್ಲ. ಯೋಜನೆ ಸೋತಿತು.

ಅನಂತರ ವಾಲ್ವ್ ಹಿಡಿದ ದಾರಿಯೇ ನಮಗೆ ಪಾಠ. ಆಟಗಳನ್ನು ಲಿನಕ್ಸ್‌ಗೆ ಮರಳಿ ಬರೆಯಿರೆಂದು ತಯಾರಕರನ್ನು ಬೇಡುವುದರ ಬದಲು, ವಿಂಡೋಸ್‌ಗೆಂದು ಬರೆದ ಆಟವನ್ನೇ ಲಿನಕ್ಸ್‌ನಲ್ಲಿ ನಡೆಸುವ ಪ್ರೋಟಾನ್ ಎಂಬ ತಂತ್ರಾಂಶವನ್ನು 2018ರ ಆಗಸ್ಟಿನಲ್ಲಿ ಹೊರತಂದಿತು. ಇದೂ ಶೂನ್ಯದಿಂದ ಹುಟ್ಟಿದ್ದಲ್ಲ. 1993ರಿಂದ ಅನೇಕರು ಸೇರಿ ಬೆಳೆಸಿದ ವೈನ್ ಎಂಬ ಮುಕ್ತ ತಂತ್ರಾಂಶವೇ ಇದರ ಅಡಿಪಾಯ. ಅದರಲ್ಲಿ ನುರಿತ ಕೋಡ್‌ವೀವರ್ಸ್ ಸಂಸ್ಥೆಯ ಸಹಯೋಗವೂ ಇತ್ತು. 2022ರ ಫೆಬ್ರವರಿಯಲ್ಲಿ ಇದೇ ಬಲದ ಮೇಲೆ ಸ್ಟೀಮ್ ಡೆಕ್ ಎಂಬ ಕೈ ಗಣಕ ಬಂದು ಯಶಸ್ವಿಯಾಯಿತು. 2025ರಲ್ಲಿ ಲೆನೊವೊ ಕೂಡ ಸ್ಟೀಮ್ ಓಎಸ್ ಇರುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇಷ್ಟಾದರೂ, ವಂಚನೆ ತಡೆಯುವ ತಂತ್ರಾಂಶದ ತೊಡಕಿನಿಂದ ಕೆಲವು ಜನಪ್ರಿಯ ಆನ್‌ಲೈನ್ ಆಟಗಳು ಇದರಲ್ಲಿ ನಡೆಯುವುದಿಲ್ಲ.

ಮೊದಲ ಸೋಲಿನಿಂದ ಗೆಲುವಿನವರೆಗೆ ಆರು ವರ್ಷಗಳಿಗೂ ಹೆಚ್ಚು ಕಾಲ ವಾಲ್ವ್ ಕಾಯಬಲ್ಲದ್ದಾಯಿತು. ಅದಕ್ಕೆ ಕಾರಣ, ಮಳಿಗೆಯಲ್ಲಿ ಮಾರಾಟವಾಗುವ ಆಟಗಳಿಂದ ಅದಕ್ಕೆ ಬರುವ, ಸಾಮಾನ್ಯವಾಗಿ ಶೇಕಡ 30ರಷ್ಟಿರುವ ಕಮಿಷನ್. ಸ್ಟೀಮ್ ಓಎಸ್ ಅದಕ್ಕೆ ಮಾರುವ ಸರಕಲ್ಲ, ಇರುವ ವ್ಯಾಪಾರಕ್ಕೆ ಕಟ್ಟಿದ ರಕ್ಷಣಾ ಗೋಡೆ. ಅಂಥ ವ್ಯಾಪಾರವಿಲ್ಲದವನು ಬರಿಯ ಗೋಡೆಯನ್ನು ಕಟ್ಟಿ ಏನನ್ನು ಕಾಯುತ್ತಾನೆ?

ಲೆಕ್ಕಪತ್ರದ ದೃಷ್ಟಿಯಿಂದಲೂ ಒಂದು ಮಾತು. ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ; ಅದು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹೋಗಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯೆನ್ನಬೇಕಾದರೆ ತಾಂತ್ರಿಕ ಸಾಧ್ಯತೆ, ಪೂರ್ಣಗೊಳಿಸಲು ಬೇಕಾದ ಸಂಪನ್ಮೂಲ, ಮುಂದೆ ಆದಾಯ ತರುವ ರೀತಿ ಇವೆಲ್ಲವನ್ನೂ ತೋರಿಸಬೇಕು. ಐದು ವರ್ಷಗಳ ಸಂಬಳವನ್ನು ‘ಅಭಿವೃದ್ಧಿಯಲ್ಲಿರುವ ತಂತ್ರಾಂಶ’ ಎಂದು ಅಢಾವೆ ಪತ್ರಿಕೆಯಲ್ಲಿ ಪೇರಿಸಿಟ್ಟರೆ, ಬ್ಯಾಂಕಿನವರು ನಂಬಿದರೂ ನಂಬಿಯಾರು. ಆದರೆ ಅದರಿಂದ ಸಂಬಳದ ದಿನಕ್ಕೆ ಹಣ ಹುಟ್ಟದು.

ಆದುದರಿಂದ ಸದಸ್ಯರು ಇಂಥ ಪ್ರಸ್ತಾವ ಬಂದಾಗ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಬೇಕು. ಮೊದಲ ದಿನವೇ ಯಾವ ಯಾವ ಆಟಗಳು ನಡೆಯುತ್ತವೆ? ಹೊಸ ಗ್ರಾಫಿಕ್ಸ್ ಕಾರ್ಡ್ ಬಂದಾಗಲೆಲ್ಲ ಅದಕ್ಕೆ ಬೇಕಾದ ಡ್ರೈವರ್ ತಂತ್ರಾಂಶವನ್ನು ಯಾರು, ಯಾರ ಖರ್ಚಿನಲ್ಲಿ ಬರೆಯುತ್ತಾರೆ? ಆದಾಯ ಬರುವ ತನಕ ಸಂಬಳ ಎಲ್ಲಿಂದ? ಇವುಗಳಿಗೆ ಉತ್ತರವಿಲ್ಲದಿದ್ದರೆ ಮನೆಯ ಆಸ್ತಿಯನ್ನು ಅಡವಿಡುವುದು ಬೇಡ.

ಹೀಗೆಂದ ಮಾತ್ರಕ್ಕೆ ಯುವಕರನ್ನು ಬರಿಗೈಯಲ್ಲಿ ಕಳುಹಿಸಬೇಕೆಂದಲ್ಲ. ಲಿನಕ್ಸ್, ವೈನ್, ಪ್ರೋಟಾನ್‌ಗಳ ಮೂಲ ಬರಹ ಎಲ್ಲರಿಗೂ ತೆರೆದಿದೆ. ಪರವಾನಗಿಯ ಷರತ್ತುಗಳನ್ನು ಪಾಲಿಸಿ ಆ ಅಡಿಪಾಯದ ಮೇಲೆ ಒಂದು ಸಣ್ಣ, ಉಪಯುಕ್ತ ಭಾಗವನ್ನು ಕಟ್ಟಲು ಮಿತವಾದ ಬಂಡವಾಳ ಕೊಡುವುದು ವಿವೇಕದ ಹೂಡಿಕೆ. ಸ್ವಾತಂತ್ರ್ಯಕ್ಕಾಗಿ ಪ್ರತಿಯೊಂದು ಇಟ್ಟಿಗೆಯನ್ನೂ ನಾವೇ ಸುಡಬೇಕಿಲ್ಲ. ಇಟ್ಟಿಗೆ ಕೊಡುವವನು ನಾಳೆ ಬಾಗಿಲು ಮುಚ್ಚಿದರೂ ನಮ್ಮ ಕೆಲಸ ನಿಲ್ಲದಂತೆ ನೋಡಿಕೊಂಡರೆ ಸಾಕು.