ಗಡ್ಡೆಗೆ ಗಡಿ ಗೊತ್ತಿಲ್ಲ

ವಾಕಡದ ನಮ್ಮ ಮನೆಯೆದುರು ಕಟ್ಟಡ ಏಳುತ್ತಿದ್ದಾಗ ತಗಡಿನ ಶೆಡ್ಡಿನಲ್ಲಿ ಇಂಡಿ ತಾಲ್ಲೂಕಿನ ಕಾಕಿಯೊಬ್ಬರಿದ್ದರು. ಗೌಂಡಿಗಳಿಗೆ ಸಿಮೆಂಟು ಹೊತ್ತುಕೊಡುವ ಕೆಲಸ. ಎದೆಯಲ್ಲಿ ಗಂಟಾಗಿದೆ ಎಂದು ನನ್ನ ಹೆಂಡತಿಯ ಮುಂದೆ ಅವರು ಬಾಯಿಬಿಡುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ‘ನೋಯಂಗಿಲ್ರಿ ಅಕ್ಕಾರ. ನೋಯಲಾರದ್ದಕ್ಕ ಹಾಜರಿ ಯಾಕ ಕಳಕೋಬೇಕು ಅಂತ ಸುಮ್ಮನಿದ್ದೆ’ ಅಂದರು.

ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಮೊದಲ ಪ್ರಶ್ನೆ ಗಂಟಿನ ಬಗ್ಗೆ ಅಲ್ಲ, ರೇಷನ್ ಕಾರ್ಡಿನ ಬಗ್ಗೆ. ಕರ್ನಾಟಕದ್ದೇ? ಹಾಗಾದರೆ ಊರಿಗೆ ಹೋಗಿ. ಊರಿನಲ್ಲಿ ಹೇಳಿದ್ದು: ಬೆಂಗಳೂರಿಗೆ ಹೋಗಿ. ಹೀಗೆ ಅಲೆದು ಸರ್ಜನ್ ಮುಂದೆ ನಿಲ್ಲುವಷ್ಟರಲ್ಲಿ ರೋಗ ಎಲುಬಿಗೆ ಇಳಿದಿತ್ತು. ಕಾಕಿ ಈಗಿಲ್ಲ.

ಇದನ್ನು ಹಣೆಬರಹ ಎನ್ನುವವರೊಂದಿಗೆ ನನ್ನ ಜಗಳ. ಬೇಗ ಸಿಕ್ಕ ಸ್ತನದ ಗಡ್ಡೆಯನ್ನು ತೆಗೆಯಲು ರೋಬೋಟ್ ಬೇಕಿಲ್ಲ. ತರಬೇತಿ ಪಡೆದ ಸರ್ಜನ್, ಅರಿವಳಿಕೆ ತಜ್ಞ, ಗಡ್ಡೆಯ ತುಣುಕನ್ನು ಪರೀಕ್ಷಿಸುವ ಪ್ರಯೋಗಾಲಯ ಬೇಕು. ಎಲ್ಲಕ್ಕಿಂತ ಮೊದಲು ಸಮಯ ಬೇಕು. 2015ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಆಯೋಗ ಹೇಳಿದ್ದು ಇದನ್ನೇ: ಕ್ಯಾನ್ಸರ್ ರೋಗಿಗಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಶಸ್ತ್ರಚಿಕಿತ್ಸೆ ಬೇಕು, ಸುರಕ್ಷಿತವಾಗಿ, ಕೈಗೆಟಕುವ ಖರ್ಚಿನಲ್ಲಿ, ಸಕಾಲಕ್ಕೆ ಅದು ಸಿಗುವುದು ಜಗತ್ತಿನಲ್ಲಿ ಶೇ 25ಕ್ಕಿಂತ ಕಡಿಮೆ ಮಂದಿಗೆ. ಪುಣೆಯಲ್ಲಿ ಸರ್ಜನ್‌ಗಳಿಗೆ ಬರವಿಲ್ಲ. ಆದರೂ ಕಾಕಿ ಆ ಉಳಿದ ಮುಕ್ಕಾಲು ಪಾಲಿಗೆ ಸೇರಿದರು.

ಈ ವ್ಯಂಗ್ಯ ನೋಡಿ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಗಡಿ ಹಳ್ಳಿಗಳಿಗೆ ವಿಸ್ತರಿಸಿತು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ವಿರೋಧಿಸಿದರು. ಎರಡೂ ಕಡೆ ಭಾಷಾಭಿಮಾನ ಉಕ್ಕಿತು. ಮಹಾರಾಷ್ಟ್ರದ ನಡುವೆಯೇ ಮಹಾರಾಷ್ಟ್ರದ ಕಟ್ಟಡ ಕಟ್ಟುತ್ತಿರುವ ಇಂಡಿ, ಸಿಂದಗಿ, ಆಳಂದದವರ ಗತಿಯೇನೆಂದು ಮಾತ್ರ ಯಾರೂ ಕೇಳಲಿಲ್ಲ. ವಿವಾದದ ನೆಲಕ್ಕೆ ವಿಮೆ ಉಂಟು, ದುಡಿಯುವ ಮೈಗೆ ಇಲ್ಲ!

ಆಯುಷ್ಮಾನ್ ಕಾರ್ಡು ಎಲ್ಲ ರಾಜ್ಯಗಳಲ್ಲೂ ನಡೆಯುತ್ತದಲ್ಲ ಎನ್ನಬಹುದು. ನಿಯಮ ಹೌದು. ಆದರೆ ಕೇಂದ್ರದ ಪಟ್ಟಿಯಲ್ಲಿ ಹೆಸರಿರಬೇಕು, ಆಸ್ಪತ್ರೆ ಯೋಜನೆಗೆ ಸೇರಿರಬೇಕು, ಕಿಟಕಿಯಲ್ಲಿ ಕೂತವರು ಅದನ್ನು ಒಪ್ಪಬೇಕು. ದಿನಗೂಲಿಯವರಿಗೆ ಒಂದೊಂದು ‘ನಾಳೆ ಬನ್ನಿ’ಯೂ ಒಂದು ಹಾಜರಿ. ‘ಒಂದು ದೇಶ ಒಂದು ರೇಷನ್ ಕಾರ್ಡ್’ ಎಂದು ಇಂಡಿಯ ಅಕ್ಕಿಯ ಪಾಲನ್ನು ಪುಣೆಯಲ್ಲಿ ಕೊಡಬಹುದಾದರೆ, ಇಂಡಿಯ ಆಪರೇಷನ್ನಿನ ಪಾಲನ್ನು ಕೊಡಲು ಅಡ್ಡಿಯೇನು?

ಇಷ್ಟಕ್ಕೂ ಒಂದು ಬಾಗಿಲು ತೆರೆದೇ ಇತ್ತು. 1996ರ ಕಾಯ್ದೆಯ ಪ್ರಕಾರ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದಿತ್ತು. ಮಹಾರಾಷ್ಟ್ರದ ಮಂಡಳಿಯಲ್ಲಿ ಚಾಲ್ತಿ ನೋಂದಣಿ ಇದ್ದವರನ್ನು ಫುಲೆ ಯೋಜನೆಗೂ ಸೇರಿಸಲಾಗಿದೆ. ಕಾಕಿ ಮೂರು ವರ್ಷ ದುಡಿದಿದ್ದರು. 90 ದಿನದ ದಾಖಲೆಗೆ ಮುಕಾದಮ ಸಹಿ ಹಾಕಲಿಲ್ಲ. ಹಾಕಿಸಬೇಕೆಂದು ನನಗಾದರೂ ಎಲ್ಲಿ ಗೊತ್ತಿತ್ತು? ಮೂರು ವರ್ಷ ಬಾಲ್ಕನಿಯಿಂದ ಅವರ ಕನ್ನಡ ಕೇಳಿ ಖುಷಿಪಟ್ಟವನು ನಾನು.

ಆದ್ದರಿಂದ ಬೈಗುಳದ ಅರ್ಧ ಪಾಲು ನಮಗೇ ಇರಲಿ. ಪ್ರತಿ ನವೆಂಬರಿನಲ್ಲಿ ಸಭಾಂಗಣ ಹಿಡಿದು, ಊರಿನಿಂದ ಗಾಯಕರನ್ನು ಕರೆಸಿ, ಹೋಳಿಗೆ ಉಂಡು, ಕನ್ನಡ ಉಳಿಸುತ್ತೇವೆ. ಕನ್ನಡ ಆಡುವವರು ಎದುರಿನ ಶೆಡ್ಡಿನಲ್ಲಿದ್ದಾರೆ. ಈ ಸಲ ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಒಂದು ಮೇಜು ಹಾಕೋಣ. ಮರಾಠಿ ಅರ್ಜಿ ತುಂಬಲು ಇಬ್ಬರು, ಮುಕಾದಮನ ಹತ್ತಿರ ಹೋಗಿ ಸಹಿ ಕೇಳಲು ನಾಲ್ವರು, ಹೆಣ್ಣುಮಕ್ಕಳನ್ನು ಪಕ್ಕಕ್ಕೆ ಕರೆದು ‘ಗಂಟು ನೋಯದಿದ್ದರೂ ತೋರಿಸ್ರಿ’ ಎನ್ನಲು ಒಬ್ಬ ಡಾಕ್ಟರಮ್ಮ. ಸರ್ಕಾರಗಳು ಗಡಿಯ ಜಗಳ ಮುಗಿಸುವವರೆಗೆ ಗಡ್ಡೆ ಕಾಯುವುದಿಲ್ಲ.